ಇತಿಹಾಸ ಬೋಧನೆಯಲ್ಲಿ ನಾಟಕೀಕರಣ

ಗತಕಾಲದ ಘಟನೆಯೊಂದನ್ನು ವಿದ್ಯಾರ್ಥಿಗಳೇ ಪಾತ್ರ ವಹಿಸಿ, ಆಡಿ, ಚರ್ಚಿಸಿ ಕಲಿಯುವ ಬೋಧನ ವಿಧಾನ. ಶಿಕ್ಷಕರು ಇದರಲ್ಲಿ ಆಟ ಹೂಡುತ್ತಾರೆ, ಬೇಕೆನಿಸಿದಾಗ ತಾವೂ ಒಂದು ಪಾತ್ರವಾಗಿ ಒಳಗೆ ಬರುತ್ತಾರೆ. ನೋಡುವವರ ಮೆಚ್ಚುಗೆಗಿಂತ ಆಡುವ ಮಕ್ಕಳ ತಿಳಿವಳಿಕೆಗೆ ಇಲ್ಲಿ ಹೆಚ್ಚಿನ ಬೆಲೆ.

ಹಿನ್ನೆಲೆ

ಯೂರೋಪಿನ ಜೆಸ್ಯೂಟ್ ಶಾಲೆಗಳಲ್ಲಿ 16ನೆಯ ಶತಮಾನದಿಂದಲೇ ಲ್ಯಾಟಿನ್ ನಾಟಕಗಳನ್ನು ಆಡಿಸುತ್ತಿದ್ದರು. ಭಾಷೆ, ವಾಕ್ಚಾತುರ್ಯ ಮತ್ತು ಧರ್ಮಬೋಧೆ ಅವುಗಳ ಗುರಿಯಾಗಿತ್ತು. ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳ ಸ್ಥಿತಿ ಬೇರೆ. 1862ರ ನಿಯಮಾವಳಿಯು ಓದು, ಬರಹ, ಲೆಕ್ಕದ ಪರೀಕ್ಷೆಗಳಲ್ಲಿ ಮಕ್ಕಳು ತೇರ್ಗಡೆಯಾಗುವುದಕ್ಕೂ ಸರ್ಕಾರದ ಅನುದಾನಕ್ಕೂ ಗಂಟು ಹಾಕಿತು. ಅದರಿಂದ ಬಾಯಿಪಾಠವೇ ಬೋಧನೆಯಾಗಿ, ಶತಮಾನದ ಕೊನೆಯಲ್ಲಿ ಆ ಪದ್ಧತಿ ಹೋದ ಮೇಲೂ ಅಭ್ಯಾಸ ಉಳಿದುಕೊಂಡಿತು.

ಸಾಂಪ್ಟಿಂಗ್ ಪ್ರಯೋಗ

ಈ ಜಡ್ಡನ್ನು ಮುರಿದವರು ಹ್ಯಾರಿಯೆಟ್ ಫಿನ್ಲೆ-ಜಾನ್ಸನ್ (1871–1956). 1897ರಲ್ಲಿ ಸಸೆಕ್ಸ್‌ನ ಸಾಂಪ್ಟಿಂಗ್ ಎಂಬ ಹಳ್ಳಿಯ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಬಂದ ಅವರು ಇತಿಹಾಸವನ್ನು ಮಕ್ಕಳ ಕೈಗೇ ಕೊಟ್ಟರು. ಪುಸ್ತಕಗಳಲ್ಲಿ ವಿವರ ಹುಡುಕುವುದು, ಸಂಭಾಷಣೆ ಕಟ್ಟುವುದು, ಕೈಗೆ ಸಿಕ್ಕಿದ ವಸ್ತುಗಳಿಂದ ವೇಷ ಮತ್ತು ಪರಿಕರ ಮಾಡಿಕೊಳ್ಳುವುದು ಎಲ್ಲವೂ ಮಕ್ಕಳ ಕೆಲಸ. ವಾಲ್ಟರ್ ಸ್ಕಾಟ್‌ನ ‘ಐವನ್‌ಹೋ’ ಕಾದಂಬರಿಯನ್ನೂ ಅವರು ನಾಟಕವಾಗಿಸಿಕೊಂಡರು. ರಾಜನ ಮಾತು ಬರೆಯಬೇಕಾದ ಹುಡುಗ ಆ ರಾಜನ ಕಾಲವನ್ನು ಓದಲೇಬೇಕು. ಈ ಅಗತ್ಯವೇ ವಿಧಾನದ ಜೀವಾಳ. ಊರವರ ಮುಂದೆ ಪ್ರದರ್ಶಿಸುವ ಹಂಬಲ ಕಲಿಕೆಯನ್ನು ಕೆಡಿಸುತ್ತದೆ ಎಂಬುದು ಅವರ ದೃಢ ನಿಲುವಾಗಿತ್ತು.

ಶಾಲಾ ತನಿಖಾಧಿಕಾರಿಗಳ ಮುಖ್ಯಸ್ಥರಾಗಿದ್ದ ಎಡ್ಮಂಡ್ ಹೋಮ್ಸ್ 1911ರ ತಮ್ಮ ಕೃತಿಯಲ್ಲಿ ಈ ಶಿಕ್ಷಕಿಯನ್ನು ‘ಎಜೀರಿಯ’ ಎಂಬ ಮರೆಹೆಸರಿನಿಂದ ಕೊಂಡಾಡಿದರು. ಫಿನ್ಲೆ-ಜಾನ್ಸನ್ ಸ್ವತಃ ತಮ್ಮ ನಾಟಕ ವಿಧಾನವನ್ನು ಕುರಿತು ಪುಸ್ತಕ ಬರೆದರು. 1917ರಲ್ಲಿ ಕೇಂಬ್ರಿಜ್‌ನ ಪರ್ಸ್ ಶಾಲೆಯ ಶಿಕ್ಷಕ ಹೆನ್ರಿ ಕಾಲ್ಡ್‌ವೆಲ್ ಕುಕ್ ‘ದ ಪ್ಲೇ ವೇ’ ಕೃತಿಯಲ್ಲಿ ಆಟವೇ ಕಲಿಕೆಯ ಸಹಜ ದಾರಿಯೆಂದು ವಾದಿಸಿದರು.

ಪಾತ್ರದೊಳಗಿನ ಶಿಕ್ಷಕ

ಮುಂದಿನ ದೊಡ್ಡ ಹೆಜ್ಜೆ ಡೊರೊತಿ ಹೀತ್‌ಕೋಟ್ (1926–2011) ಅವರದು. ಹದಿಹರೆಯದಲ್ಲೇ ಯಾರ್ಕ್‌ಶೈರಿನ ಉಣ್ಣೆ ಗಿರಣಿಯಲ್ಲಿ ದುಡಿದ ಅವರು ಮುಂದೆ ನ್ಯೂಕ್ಯಾಸಲ್‌ನಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟರು. ಶಿಕ್ಷಕರು ತಾವೇ ದೂತ, ಅಧಿಕಾರಿ ಅಥವಾ ಆಶ್ರಯ ಬೇಡುವವರಾಗಿ ಬಂದು ಮಕ್ಕಳ ಮುಂದೆ ಇಕ್ಕಟ್ಟೊಂದನ್ನು ಇಡುವುದು ಅವರ ಕ್ರಮ. ಬರೆದಿಟ್ಟ ನಾಟಕವಿಲ್ಲ, ಕಂಠಪಾಠವಿಲ್ಲ, ನಿರ್ಧಾರ ಮಕ್ಕಳದೇ. 1971ರಲ್ಲಿ ಬಿಬಿಸಿ ಅವರ ಕೆಲಸವನ್ನು ಕುರಿತ ಸಾಕ್ಷ್ಯಚಿತ್ರವನ್ನು ಪ್ರಸಾರ ಮಾಡಿತು.

1990ರ ದಶಕದಲ್ಲಿ ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಇತಿಹಾಸ ಪ್ರಾಧ್ಯಾಪಕ ಮಾರ್ಕ್ ಕಾರ್ನ್ಸ್ ‘ರಿಯಾಕ್ಟಿಂಗ್ ಟು ದ ಪಾಸ್ಟ್’ ಎಂಬ ಆಟಗಳ ಸರಣಿಯನ್ನು ಆರಂಭಿಸಿದರು. ವಿದ್ಯಾರ್ಥಿಗಳು ಮೂಲ ದಾಖಲೆಗಳನ್ನು ಓದಿ, ಬಣಗಳಾಗಿ ವಾದಿಸುತ್ತಾರೆ. ಪ್ರಾಧ್ಯಾಪಕರು ಸೂತ್ರಧಾರರಾಗಿ ಹಿಂದೆ ಸರಿಯುತ್ತಾರೆ. ಫಲಿತಾಂಶ ಚರಿತ್ರೆಯಂತೆಯೇ ಇರಬೇಕೆಂಬ ಕಟ್ಟಳೆಯಿಲ್ಲ. ಸರಣಿಯ ಒಂದು ಆಟದ ವಸ್ತು 1945ರ ಸಿಮ್ಲಾ ಸಮ್ಮೇಳನ. ಅಮೆರಿಕದ ವಿದ್ಯಾರ್ಥಿಗಳು ಅದರಲ್ಲಿ ಕಾಂಗ್ರೆಸ್, ಮುಸ್ಲಿಂ ಲೀಗ್ ಮೊದಲಾದ ಪಕ್ಷಗಳ ಪರವಾಗಿ ಮಾತಾಡುತ್ತಾರೆ.

ಭಾರತದಲ್ಲಿ

ರಾಷ್ಟ್ರೀಯ ನಾಟಕ ಶಾಲೆ 1989ರಲ್ಲಿ ಶಿಕ್ಷಣ ರಂಗಭೂಮಿಗೆ ಪ್ರತ್ಯೇಕ ತಂಡ ಕಟ್ಟಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆ ಮತ್ತು ರಂಗಭೂಮಿಗೆ ಶಾಲಾ ಶಿಕ್ಷಣದಲ್ಲಿ ಸ್ಥಾನ ಕೇಳಿತು. ಕರ್ನಾಟಕದ ಶಾಲೆಗಳಲ್ಲಿ ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಒನಕೆ ಓಬವ್ವರ ಪಾತ್ರಗಳು ಛದ್ಮವೇಷ ಸ್ಪರ್ಧೆಗಳಿಂದ ಮಕ್ಕಳಿಗೆ ಚಿರಪರಿಚಿತ. ವೇಷಕ್ಕೆ ಓದು ಮತ್ತು ಪ್ರಶ್ನೆ ಕೂಡಿದರೆ ಅದೇ ಇತಿಹಾಸದ ಪಾಠವಾಗಬಲ್ಲದು.

ಮಿತಿಗಳು

ಎಲ್ಲ ಘಟನೆಗಳೂ ಆಟಕ್ಕೆ ಒಗ್ಗುವುದಿಲ್ಲ. ನರಮೇಧದ ಅನುಭವವನ್ನು ಮಕ್ಕಳಿಂದ ನಟಿಸಿ ತೋರಿಸಬಾರದೆಂದು ಅಮೆರಿಕದ ಹಾಲೊಕಾಸ್ಟ್ ಸ್ಮಾರಕ ವಸ್ತುಸಂಗ್ರಹಾಲಯ ಶಿಕ್ಷಕರಿಗೆ ಸಲಹೆ ನೀಡುತ್ತದೆ. ಗುಲಾಮಗಿರಿ, ಅಸ್ಪೃಶ್ಯತೆಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಆಟ ಮುಗಿದ ಮೇಲೆ ಮಕ್ಕಳು ಪಾತ್ರ ಕಳಚಿ, ತಾವು ಆಡಿದ್ದನ್ನು ಆಧಾರಗಳೊಡನೆ ಒರೆಗೆ ಹಚ್ಚಬೇಕು. ಆ ಚರ್ಚೆಗೆ ಸಮಯ ಕೊಡದ ನಾಟಕೀಕರಣ ಬರಿಯ ಮನರಂಜನೆಯಾಗಿ ಉಳಿಯುತ್ತದೆ.