ಬೀಸುಕಲ್ಲಿನ ಮುಂದಿನ ಪಾಠ

ವಿಜಯಪುರದ ದೀನಿ ಇತಿಹಾಸ ಎಂದಕೂಡಲೇ ನಮ್ಮ ಬಾಯಿಗೆ ಬರುವುದು ಪೀರರ ಹೆಸರುಗಳು: ಶಹಾಪುರ ಗುಡ್ಡದ ಮೀರಾಂಜಿ ಶಮ್ಸುಲ್ ಉಶ್ಶಾಕ್, ಮಗ ಬುರ್ಹಾನುದ್ದೀನ್ ಜಾನಂ, ಮೊಮ್ಮಗ ಅಮೀನುದ್ದೀನ್ ಆಲಾ. ಅವರ ಮಾತನ್ನು ಮನೆಮನೆಯ ಒಳಗೆ ಒಯ್ದವರು ಯಾರೆಂದು ನಾವು ಕೇಳುವುದು ಕಡಿಮೆ.

ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ ಬಿಜಾಪುರದ ಸೂಫಿಗಳ ಕುರಿತ 1978ರ ಗ್ರಂಥದಲ್ಲಿ ಇದನ್ನು ಕೇಳಿದರು. ಉತ್ತರ ಸಿಕ್ಕಿದ್ದು ಚಕ್ಕಿನಾಮಾ, ಚರ್ಖಾನಾಮಾಗಳಲ್ಲಿ. ಹೆಂಗಸರು ಬೀಸುವಾಗ, ನೂಲುವಾಗ ಹಾಡಲೆಂದು ಸೂಫಿಗಳು ದಖನಿಯಲ್ಲಿ ಕಟ್ಟಿದ ಹಾಡುಗಳಿವು. ಅರಬ್ಬಿ, ಫಾರಸಿ ಬಾರದ ಮನೆಗೂ ಹೊಕ್ಕವು. ಬೀಸುಕಲ್ಲಿನ ಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸಿ ಅಲ್ಲಾಹನನ್ನು ನೆನೆಯುವ ಹಾಡೂ ಅವುಗಳಲ್ಲಿದೆ. ಕಲ್ಲು ತಿರುಗಿದಷ್ಟು ಹೊತ್ತೂ ಝಿಕ್ರ್! ಮಕ್ಕಳ ಕಿವಿಗೆ ದೀನಿನ ಮಾತು ಬಿದ್ದದ್ದು ಈ ಹೆಂಗಸರ ಬಾಯಿಂದ ಎಂಬುದು ಈಟನ್ ವಾದ. ಆದರೆ ಪೀರರ ಹೆಸರು ಉಳಿಯಿತು, ಹಾಡಿ ಕಲಿಸಿದವರದು ಉಳಿಯಲಿಲ್ಲ. ಹಾಡುವಾಗ ಆಕೆಗೆ ಏನನ್ನಿಸಿತೆಂದು ಯಾರೂ ಕೇಳಿ ಬರೆದಿಡಲಿಲ್ಲ.

ಇಸ್ಲಾಮಿನ ಮೊದಲ ಕಾಲ ಹೀಗಿರಲಿಲ್ಲ. ಪ್ರವಾದಿಯವರ(ಸ) ಮಗಳ ಮಯ್ಯಿತ್‌ಗೆ ಗುಸ್ಲ್ ಕೊಟ್ಟ ಹ. ಉಮ್ಮು ಅತಿಯ್ಯಾ(ರ) ಅವರ ಹೆಸರು ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಬೆಸ ಸಂಖ್ಯೆಯಲ್ಲಿ ತೊಳೆಯಬೇಕು, ಕೊನೆಯ ಸಲ ಕರ್ಪೂರ ಹಾಕಬೇಕು ಎಂಬುದನ್ನು ನಮಗೆ ಮುಟ್ಟಿಸಿದವರು ಅವರು. ಬಸರಾದ ದೊಡ್ಡ ವಿದ್ವಾಂಸ ಇಬ್ನು ಸೀರೀನ್ ಅವರಿಂದಲೇ ಕೇಳಿ ಕಲಿತರು. ಒಬ್ಬ ಹೆಂಗಸಿನ ಅನುಭವವೇ ಅಲ್ಲಿ ಇಲ್ಮ್ ಆಯಿತು.

ಇಂದಿನ ಮಹಿಳಾ ಅಧ್ಯಯನದ ಸಂಶೋಧಕಿಯರು ಹಿಡಿದಿರುವ ದಾರಿಯೂ ಇದಕ್ಕೆ ದೂರವಲ್ಲ. ಧಾರ್ಮಿಕ ಹೊಣೆ ಹೊತ್ತ ಹೆಂಗಸರ ಎದುರು ಕುಳಿತು, ಅವರ ಅನುಭವವನ್ನು ಅವರ ಮಾತಿನಲ್ಲೇ ಬರೆದುಕೊಳ್ಳುತ್ತಾರೆ. ಪದವಿ ಇದೆಯೋ ಇಲ್ಲವೋ, ಎಷ್ಟು ಜನ ಎಂಬ ಲೆಕ್ಕ ಆಮೇಲಿನದು.

ಇಬ್ರಾಹಿಂಪುರದಂಥ ನಮ್ಮ ಮೊಹಲ್ಲಾಗಳಲ್ಲಿ ಮಕ್ಕಳಿಗೆ ಕಾಯಿದಾ ಓದಿಸುವ, ನಡುರಾತ್ರಿ ಕರೆ ಬಂದರೂ ಎದ್ದು ಹೋಗಿ ಗುಸ್ಲ್ ಕೊಡುವ ಹಿರಿಯ ತಾಯಂದಿರನ್ನು ನಾವು ನಾಯಕಿಯರೆಂದು ಕರೆಯುವುದಿಲ್ಲ. ಅವರಿಗೆ ಕಲಿಸಿದವರು ಯಾರು? ಮೊದಲ ಸಲ ಕೈ ನಡುಗಿತೆ? ಮಸಲಾ ತಿಳಿಯದಾಗ ಯಾರನ್ನು ಕೇಳಿದರು? ಗಂಡಸರು ಅವರ ಮಾತಿಗೆ ಬೆಲೆ ಕೊಟ್ಟರೆ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರ ನಮಗೆ ಹಿತವಾಗದಿರಬಹುದು, ಆದರೂ ಕೇಳಬೇಕು.

ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿದೆ. ಹಾಡಿನ ನಾಲ್ಕು ಸಾಲು ನೆನಪಿರುವ ನಾನಿ, ದಾದಿಯರು ನಿಮ್ಮ ಮನೆಯಲ್ಲಿದ್ದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವರನ್ನು ಕೇಳಿ, ಅವರು ಒಪ್ಪಿದರೆ ಹೆಸರು, ಓಣಿ ಬರೆದು ನಮಗೆ ಕಳುಹಿಸಿ. ಹೆಸರು ಬೇಡವೆಂದರೆ ಬಿಟ್ಟು ಅಚ್ಚು ಹಾಕುತ್ತೇವೆ.