ಮುಂಬಯಿಯಿಂದ ಊರಿಗೆ ಹೋದ ಅಕ್ಷರ



ಸಿಎಸ್‌ಎಂಟಿಯಲ್ಲಿ ಇಳಿದು ಫೋರ್ಟಿನ ಹಾರ್ನಿಮನ್ ಸರ್ಕಲ್ ಕಡೆಗೆ ಹೋದರೆ ‘ಮುಂಬಯಿ ಸಮಾಚಾರ್’ ಪತ್ರಿಕೆಯ ಕೆಂಪು ಕಟ್ಟಡ ಕಾಣುತ್ತದೆ. ಪಾರ್ಸಿ ಮುದ್ರಕ ಫರ್ದೂನ್‌ಜಿ ಮರ್ಜ್‌ಬಾನ್ 1822ರ ಜುಲೈ 1ರಂದು ಆರಂಭಿಸಿದ ಈ ಗುಜರಾತಿ ಪತ್ರಿಕೆ ಇಂದಿಗೂ ನಡೆಯುತ್ತಿದೆ. ಗುಜರಾತಿಗೆ ಆಗಲೇ ಈ ಊರಿನಲ್ಲಿ ಅಚ್ಚಿನ ಮೊಳೆಗಳಿದ್ದವು.

ನಮ್ಮ ಕನ್ನಡದ ಕಥೆ ಬೇರೆ. 1841ರಲ್ಲಿ ಬಾಸೆಲ್ ಮಿಷನ್ನಿನ ವೈಗ್ಲೆ ಎಂಬ ಪಾದ್ರಿ ಮುಂಬಯಿಯಿಂದ ಮಂಗಳೂರಿಗೆ ಒಂದು ಕಲ್ಲಚ್ಚಿನ ಯಂತ್ರ ಒಯ್ದರು. ಜೊತೆಗೆ ಇಬ್ಬರು ಮರಾಠಿ ಕೆಲಸಗಾರರೂ ಹೋದರು. ಕಲ್ಲಚ್ಚಿಗೆ ಮೊಳೆ ಬೇಡ. ಜಿಡ್ಡಿನ ಶಾಯಿಯಲ್ಲಿ ಕೈಯಿಂದ ಬರೆದದ್ದನ್ನು ಕಲ್ಲಿಗೆ ಇಳಿಸಿ ಕಲ್ಲನ್ನು ಒದ್ದೆ ಮಾಡಿದರೆ, ಬರೆದ ಕಡೆ ಮಾತ್ರ ಶಾಯಿ ಹಿಡಿಯುತ್ತದೆ. 1843ರಲ್ಲಿ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದು ಹೀಗೆಯೇ. ದಿನವೂ ಅದೇ, ಜುಲೈ 1! ಅಂದರೆ ಕನ್ನಡದ ಮೊದಲ ಪತ್ರಿಕೆಯನ್ನು ಜನ ಓದಿದ್ದು ಕೈಬರಹದಲ್ಲಿ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ಮೊಳೆಯಚ್ಚಿಗೆ ತಿರುಗಿತು. ಆಮೇಲೆ ಪುಸ್ತಕದ ಅಕ್ಷರ ಶಿಸ್ತಾಗಿ ಸಾಲಿನಲ್ಲಿ ನಿಂತಿತು. ಕುಣಿಯುವ ಅಕ್ಷರ ಬೋರ್ಡು ಬರೆಯುವವರ ಕುಂಚದಲ್ಲಿ ಉಳಿಯಿತು.

ಆ ಕುಣಿತ ಮತ್ತೆ ಮುಂಬಯಿಯಿಂದಲೇ ಬಂತು. ಇಲ್ಲಿನ ‘ಏಕ್ ಟೈಪ್’ ಸಂಸ್ಥೆ ‘ಬಾಲೂ’ ಎಂಬ ದಪ್ಪನೆಯ, ದುಂಡನೆಯ, ತುಂಟ ಅಕ್ಷರಮಾಲೆಯನ್ನು ಭಾರತದ ಹಲವು ಲಿಪಿಗಳಲ್ಲಿ ಹೊರತಂದಿತು. ಬಾಲೂ ಎಂದರೆ ಕರಡಿ. ‘ಜಂಗಲ್ ಬುಕ್’ನ ಕರಡಿಗೂ ಅದೇ ಹೆಸರು, ಅದನ್ನು ಬರೆದ ಕಿಪ್ಲಿಂಗ್ ಹುಟ್ಟಿದ್ದು 1865ರಲ್ಲಿ, ಡಿ.ಎನ್. ರಸ್ತೆಯ ಜೆ.ಜೆ. ಕಲಾಶಾಲೆಯ ಆವರಣದಲ್ಲಿ. ಬಂಗಾಳಿಗೆ ‘ಬಾಲೂ ದಾ’, ಮಲಯಾಳಕ್ಕೆ ‘ಬಾಲೂ ಚೇಟ್ಟನ್’, ನಮಗೆ ‘ಬಾಲೂ ತಮ್ಮ’. ಬಂಗಾಳಿಗರಿಗೂ ಮಲಯಾಳಿಗಳಿಗೂ ಅಣ್ಣನಾದವನು ನಮಗೆ ತಮ್ಮ! ಕಾಸು ಕೊಡಬೇಕಿಲ್ಲ, ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು.

ಎಲ್ಲಿ ಬಳಸುವುದು? ಮಕ್ಕಳ ಪುಸ್ತಕದ ಹೊದಿಕೆ, ಶಾಲೆಯ ಗೋಡೆ, ತಿಂಡಿಯ ಅಂಗಡಿಯ ಫಲಕ, ಹುಟ್ಟುಹಬ್ಬದ ಕರೆಯೋಲೆ ಇವನಿಗೆ ತಕ್ಕ ಜಾಗ. ನಾಲ್ಕು ಪದಗಳ ತಲೆಬರಹಕ್ಕೆ ಒಪ್ಪುತ್ತಾನೆ. ಪುಟಗಟ್ಟಲೆ ಲೇಖನಕ್ಕೆ ಬೇಡ. ದಪ್ಪ ಅಕ್ಷರದಡಿ ಒತ್ತಕ್ಷರಗಳು ಇಕ್ಕಟ್ಟಾಗಿ ಕಣ್ಣು ದಣಿಯುತ್ತದೆ. ಶ್ರದ್ಧಾಂಜಲಿಗಂತೂ ಬೇಡವೇ ಬೇಡ.

ಇದು ಬರೀ ಅಲಂಕಾರದ ಮಾತಲ್ಲ. ಹಗಲು ಹೋಟೆಲಿನಲ್ಲಿ ದುಡಿದು ಫೋರ್ಟಿನ ರಾತ್ರಿಶಾಲೆಗಳಲ್ಲಿ ಕನ್ನಡ ಕಲಿತವರ ಮೊಮ್ಮಕ್ಕಳು ಇಂದು ಈ ನಗರದಲ್ಲಿದ್ದಾರೆ. ಮನೆಯಲ್ಲಿ ಮಾತನಾಡುತ್ತಾರೆ, ಆದರೆ ಎಷ್ಟೋ ಮಕ್ಕಳಿಗೆ ಓದಲು ಬಾರದು. ಅವರಿಗೆ ಕನ್ನಡದ ಅಕ್ಷರ ಮೊದಲು ಸಿಗುವುದು ಪರೀಕ್ಷೆಯ ಪುಸ್ತಕದಲ್ಲಿ ಅಲ್ಲ, ಆಟದ ರೂಪದಲ್ಲಿ ಆಗಲಿ. ಈ ವಾರ ನಿಮ್ಮ ಮನೆಯ ಮಗುವಿನ ಹೆಸರನ್ನು ಬಾಲೂ ತಮ್ಮನಲ್ಲಿ ದೊಡ್ಡದಾಗಿ ಅಚ್ಚು ಮಾಡಿ ಬಾಗಿಲಿಗೆ ಅಂಟಿಸಿ ನೋಡಿ. ಓದಲು ಹೇಳಬೇಡಿ. ಅದೇ ಬಂದು ಕೇಳುತ್ತದೆ.