ಕರುಣ ರಸದ ಹಾದಿ: ಹುಬ್ಬಳ್ಳಿ ಸೀಮೆಯ ಕಂಪನಿ ನಾಟಕದಿಂದ ಸಿನಿಮಾಕ್ಕೆ

ಹುಬ್ಬಳ್ಳಿ-ಧಾರವಾಡ ಸೀಮೆಯ ಜನ ದುಃಖದ ಕಥೆಯನ್ನು ದುಡ್ಡು ಕೊಟ್ಟು ನೋಡುವ ರೂಢಿ ವೃತ್ತಿ ನಾಟಕ ಕಂಪನಿಗಳಿಂದ ಬೆಳೆಯಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಈ ಭಾಗದಲ್ಲಿ ಮರಾಠಿ ಮಂಡಳಿಗಳದ್ದೇ ಮೇಲುಗೈ. ಅದಕ್ಕೆ ಎದುರಾಗಿ 1870ರ ದಶಕದಲ್ಲಿ ಶಾಂತಕವಿ ಸಕ್ಕರಿ ಬಾಳಾಚಾರ್ಯರು ಗದಗಿನಲ್ಲಿ ಕನ್ನಡ ಮಂಡಳಿ ಕಟ್ಟಿ 'ಉಷಾಹರಣ' ಆಡಿಸಿದರು. ಮುಂದೆ ಕೊಣ್ಣೂರು, ಶಿರಹಟ್ಟಿ ಕಂಪನಿಗಳು, ಗರುಡ ಸದಾಶಿವರಾಯರ ಮತ್ತು ವಾಮನರಾವ್ ಮಾಸ್ತರರ ಮಂಡಳಿಗಳು ಬಂದವು. ರೈಲು ಬಂದ ಮೇಲೆ ಪರದೆ, ಪೆಟ್ಟಿಗೆ, ನಟರ ಸಂಸಾರ ಎಲ್ಲವನ್ನೂ ಊರಿಂದ ಊರಿಗೆ ಸಾಗಿಸುವುದು ಸುಲಭವಾಯಿತು. ಕಮರಿಪೇಟೆ, ದುರ್ಗದಬೈಲಿನಂಥ ಜನನಿಬಿಡ ಪೇಟೆಗಳಿದ್ದ ಹುಬ್ಬಳ್ಳಿ ಕಂಪನಿಗಳಿಗೆ ಒಳ್ಳೆಯ ಕ್ಯಾಂಪಾಯಿತು.

ಈ ರಂಗಭೂಮಿಯಲ್ಲಿ ಶೋಕವನ್ನು ಹೊತ್ತದ್ದು ಮಾತಿಗಿಂತ ಹೆಚ್ಚಾಗಿ ಹಾಡು. ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ರಂಗದ ಮೇಲೆ ಸ್ತ್ರೀಪಾತ್ರ ಮಾಡಿ ಹಾಡಿದವರು. ಮಲ್ಲಿಕಾರ್ಜುನ ಮನಸೂರರು ಬಾಲನಟರಾಗಿ ಕಂಪನಿ ಸೇರಿದವರು. ದುಃಖದ ಸೀನಿನಲ್ಲಿ ಹಾರ್ಮೋನಿಯಂ ಮಾಸ್ತರ ಜೋಗಿಯಾ, ಭೈರವಿಯಂಥ ರಾಗ ಹಿಡಿದರೆ ಕಥೆ ಅಲ್ಲೇ ನಿಲ್ಲುತ್ತಿತ್ತು. ಪ್ರೇಕ್ಷಕರು 'ಒನ್ಸ್ ಮೋರ್' ಎಂದರೆ ನಟ ಅದೇ ಪದವನ್ನು ಮತ್ತೆ ಹಾಡಬೇಕಿತ್ತು.

ಆದರೆ ಕಣ್ಣೀರು ಬರಲು ಹಾಡೊಂದೇ ಸಾಲದು. ರಾಘವಾಂಕನ ಕಾವ್ಯದಿಂದ ಕನ್ನಡಿಗರಿಗೆ ಪರಿಚಿತವಾಗಿದ್ದ, ಕಂಪನಿಗಳೂ ಆಡುತ್ತಿದ್ದ ಹರಿಶ್ಚಂದ್ರನ ಕಥೆಯ ಸುಡುಗಾಡಿನ ಪ್ರಸಂಗ ಇದಕ್ಕೆ ಸಾಕ್ಷಿ. ಚಂದ್ರಮತಿ ಹಾವು ಕಚ್ಚಿ ಸತ್ತ ಮಗನನ್ನು ಹೊತ್ತು ತರುತ್ತಾಳೆ. ಕಾವಲಿಗಿದ್ದ ಹರಿಶ್ಚಂದ್ರ ಹೆಣ ಸುಡಲು ತೆರಿಗೆ ಕೇಳುತ್ತಾನೆ. ಕತ್ತಲಲ್ಲಿ ಗಂಡ ಹೆಂಡತಿಗೆ ಪರಸ್ಪರ ಗುರುತಿಲ್ಲ, ನೋಡುತ್ತ ಕೂತವರಿಗೆ ಗೊತ್ತು. ಅರಮನೆಯಿಂದ ಅಲ್ಲಿಯವರೆಗೆ ಆ ಸಂಸಾರದ ಜೊತೆಗೇ ನಡೆದು ಬಂದ ಪ್ರೇಕ್ಷಕನಿಗೆ ಆ ಗುರುತು ಹತ್ತುವ ಗಳಿಗೆ ತಡೆಯಲಾಗುತ್ತಿರಲಿಲ್ಲ. ಶೋಕಕ್ಕೆ ಮೊದಲು ಮಮತೆ ಬೆಳೆಯಬೇಕೆಂಬುದನ್ನು ಕಂಪನಿಯವರು ಅನುಭವದಿಂದ ಕಲಿತಿದ್ದರು.

ಕನ್ನಡ ಸಿನಿಮಾ ಈ ಆಸ್ತಿಯ ಮೇಲೆಯೇ ಬೆಳೆಯಿತು. 1934ರ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ'ದ ನಾಯಕ ಸುಬ್ಬಯ್ಯನಾಯ್ಡು ರಂಗದಿಂದ ಬಂದವರು. 1954ರ 'ಬೇಡರ ಕಣ್ಣಪ್ಪ' ಗುಬ್ಬಿ ನಾಟಕ ಕಂಪನಿಯ ನಾಟಕದಿಂದ ಬಂದ ಚಿತ್ರ. 1969ರ 'ಗೆಜ್ಜೆಪೂಜೆ'ಯಲ್ಲಿ ಪುಟ್ಟಣ್ಣ ಕಣಗಾಲ್ ದುಃಖವನ್ನು ಮನೆಯೊಳಗೆ ತಂದರೂ ಹಾಡನ್ನು ಬಿಡಲಿಲ್ಲ. 1970ರ 'ಸಂಸ್ಕಾರ'ದಿಂದ ಶುರುವಾದ ಹೊಸ ಅಲೆ ಹಾಡನ್ನೂ ಅತಿಯಾದ ಅಭಿನಯವನ್ನೂ ಕಳಚಿತು.

ಕಳಚಿದ ಮೇಲೆ ಉಳಿಯುವುದು ಬರೀ ಮೌನವಾದರೆ ಚಿತ್ರ ಒಣಗುತ್ತದೆ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಒಣಗದಿರಲು ಕಾರಣ ಹುಡುಗ ನಾಣಿ. ವೇದಪಾಠಶಾಲೆಯಲ್ಲಿ ಮನೆಯ ನೆನಪಾಗಿ ಕುಗ್ಗಿದ ಅವನನ್ನು ಗುರುಗಳ ವಿಧವೆ ಮಗಳು ಯಮುನಕ್ಕ ಅಕ್ಕರೆಯಿಂದ ನೋಡಿಕೊಳ್ಳುತ್ತಾಳೆ. ಬದುಕಿದ್ದಾಗಲೇ ಅವಳಿಗೆ ಶ್ರಾದ್ಧ ಮಾಡಿ ಹೊರಹಾಕಿದಾಗ ಪ್ರೇಕ್ಷಕ ಅದನ್ನು ನಾಣಿಯ ಕಣ್ಣಿನಿಂದಲೇ ಕಾಣುತ್ತಾನೆ.

ರಂಗದ ಕಣ್ಣೀರಿನಿಂದ ಸಂಯಮದ ಸಿನಿಮಾಕ್ಕೆ ಬಂದ ಹಾದಿ ಕೊರಿಯದಲ್ಲೂ ಹೆಚ್ಚುಕಡಿಮೆ ಇದೇ. ಜಪಾನಿನಿಂದ 1910ರ ಹೊತ್ತಿಗೆ ಬಂದ 'ಶಿನ್ಪಾ' ಎಂಬ ಕಣ್ಣೀರಿನ ನಾಟಕ ಅಲ್ಲಿಯ ಸಿನಿಮಾಕ್ಕೂ ಇಳಿಯಿತು. ಇತ್ತೀಚಿನ ಎಷ್ಟೋ ನಿರ್ದೇಶಕರು ಅದರ ಅಬ್ಬರ ಬಿಟ್ಟು ಸಂಯಮ ಹಿಡಿದರು. ಲೀ ಚಾಂಗ್-ಡಾಂಗ್ ಅವರ 'ಸೀಕ್ರೆಟ್ ಸನ್‌ಶೈನ್'ನಲ್ಲಿ (2007) ಮಗನೊಡನೆ ಹೊಸ ಊರಿಗೆ ಬಂದು ನೆಲೆ ಹುಡುಕುವ ತಾಯಿಯನ್ನು ಮೊದಲು ತೋರಿಸಿ, ಮಗನ ಸಾವನ್ನು ಆಮೇಲೆ ತರಲಾಗಿದೆ. ಅಂಥ ಪೂರ್ವಸಿದ್ಧತೆ ಇಲ್ಲದೆ ಮಳೆ, ಖಾಲಿ ಕೋಣೆ, ನಿಧಾನ ನಡೆಯ ಪಾತ್ರಗಳನ್ನಷ್ಟೇ ಜೋಡಿಸಿದ ಚಿತ್ರ ಯಾವ ದೇಶದ್ದಾದರೂ ಮನಸ್ಸಿಗೆ ತಾಗುವುದಿಲ್ಲ. ಕಳೆದುಕೊಂಡದ್ದು ಏನೆಂದು ನೋಡುವವನಿಗೆ ಮೊದಲೇ ತಿಳಿದಿರಬೇಕೆಂಬ ಕಂಪನಿ ನಾಟಕದ ಪಾಠವನ್ನು ಸಂಯಮದ ಸಿನಿಮಾವೂ ದಾಟಲಾಗಿಲ್ಲ.